ಮೈತ್ರಿ ಸರ್ಕಾರದಲ್ಲಿ ಮಾತಿಗೆ ಹೊಣೆ ಯಾರು?

ಚುನಾವಣೆಯಲ್ಲಿ ಕೊಟ್ಟ ಮಾತು ಈಡೇರದಿದ್ದರೆ ಮತದಾರ ಏನು ಮಾಡುತ್ತಾನೆ? ಒಂದೇ ಪಕ್ಷದ ಸರ್ಕಾರವಾಗಿದ್ದರೆ ಉತ್ತರ ಸುಲಭ. ಮುಂದಿನ ಸಲ ಆ ಪಕ್ಷಕ್ಕೆ ಓಟು ಹಾಕುವುದಿಲ್ಲ. ಎರಡು ಪಕ್ಷಗಳು ಸೇರಿ ಸರ್ಕಾರ ಮಾಡಿದ್ದರೆ? ಮಾತು ಕೊಟ್ಟವರು ಒಬ್ಬರು. ಅದಕ್ಕೆ ಒಪ್ಪಬೇಕಾದವರು ಇನ್ನೊಬ್ಬರು. ಆಗ ಯಾರನ್ನು ಕೇಳಬೇಕು? ಯಾರ ಮೇಲೆ ಸಿಟ್ಟಾಗಬೇಕು? ಇವತ್ತು ನಿಮ್ಮ ಜೊತೆ ಮಾತಾಡಲು ನಾನು ಆರಿಸಿಕೊಂಡಿರುವುದು ಈ ಒಂದೇ ಪ್ರಶ್ನೆ.

ಇದನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲದ ಮೇಲೆ ನಿಂತು ಕೇಳೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ನಾಲ್ಕು ತಾಲ್ಲೂಕು, ನಾಲ್ಕು ವಿಧಾನಸಭಾ ಕ್ಷೇತ್ರ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರು ಗ್ರಾಮಾಂತರ ಎಂಬ ಹೆಸರಿನ ಲೋಕಸಭಾ ಕ್ಷೇತ್ರವೇ ಬೇರೆ. ನಮ್ಮ ಜಿಲ್ಲೆಯ ಈ ನಾಲ್ಕೂ ಕ್ಷೇತ್ರಗಳು ಸೇರುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ.

2018ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ವಿಧಾನಸಭೆಯ ಫಲಿತಾಂಶ ಬಂತು. ಬಿಜೆಪಿಗೆ 104 ಸ್ಥಾನ. ಕಾಂಗ್ರೆಸ್ಸಿಗೆ 78. ಜೆಡಿಎಸ್‌ಗೆ 37. ಯಾರಿಗೂ ಬಹುಮತವಿಲ್ಲ. ಕಾಂಗ್ರೆಸ್ಸೂ ಜೆಡಿಎಸ್ಸೂ ಫಲಿತಾಂಶದ ದಿನವೇ ಕೈಜೋಡಿಸಿದವು. ಮೇ 23ರಂದು ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು.

ಆ ಚುನಾವಣೆಯಲ್ಲಿ ನಮ್ಮ ಜಿಲ್ಲೆಯ ನಾಲ್ಕೂ ಸ್ಥಾನಗಳು ಮೈತ್ರಿಯ ಪಾಲಾಗಿದ್ದವು. ಹೊಸಕೋಟೆ, ದೊಡ್ಡಬಳ್ಳಾಪುರ ಕಾಂಗ್ರೆಸ್ಸಿಗೆ. ದೇವನಹಳ್ಳಿ, ನೆಲಮಂಗಲ ಜೆಡಿಎಸ್‌ಗೆ. ಇಡೀ ಜಿಲ್ಲೆ ಆಳುವವರ ಕಡೆ. ಕೇಳುವುದಕ್ಕೆ ಒಳ್ಳೆಯದೇ. ಆದರೆ ಹೊಸಕೋಟೆ ಒಂದನ್ನು ಬಿಟ್ಟರೆ ಉಳಿದ ಮೂರು ಕಡೆ ನಿಜವಾದ ಸೆಣಸಾಟ ನಡೆದದ್ದು ಕಾಂಗ್ರೆಸ್ ಮತ್ತು ಜೆಡಿಎಸ್ ನಡುವೆಯೇ. ಒಂದೇ ಊರಿನ ಒಂದೇ ಬೀದಿಯಲ್ಲಿ ಎದುರುಬದುರು ನಿಂತು ಓಟು ಕೇಳಿದವರು ಅವರು. ಒಬ್ಬರನ್ನು ಸೋಲಿಸಲೆಂದೇ ಇನ್ನೊಬ್ಬರಿಗೆ ಓಟು ಹಾಕಿದವರು ಸಾವಿರಾರು ಜನ. ಆ ಇಬ್ಬರೂ ಒಂದೇ ವೇದಿಕೆಯ ಮೇಲೆ ಕೂತರು. ಆಗ ಎರಡು ಪ್ರಣಾಳಿಕೆಗಳೂ ಒಂದೇ ಮೇಜಿಗೆ ಬಂದವು.

ನಮ್ಮ ಕಡೆ ಜಂಟಿ ಖಾತೆಯ ಜಮೀನು ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಇಬ್ಬರ ಹೆಸರು. ಕೊಟ್ಟ ಸಾಲ ವಾಪಸು ಕೇಳಲು ಬಂದವರಿಗೆ ಅಣ್ಣ ತಮ್ಮನನ್ನು ತೋರಿಸುತ್ತಾನೆ. ತಮ್ಮ ಅಣ್ಣನನ್ನು ತೋರಿಸುತ್ತಾನೆ. ಮೈತ್ರಿ ಸರ್ಕಾರದಲ್ಲಿ ಚುನಾವಣೆಯ ಭರವಸೆಗೆ ಬರುವ ಗತಿಯೂ ಇದೇ. ಇಬ್ಬರು ಹೊಣೆಗಾರರಿದ್ದಾರೆ. ಕೇಳಲು ಹೋದರೆ ಒಬ್ಬರೂ ಸಿಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. 2018ರಲ್ಲಿ ನಮ್ಮ ಜಿಲ್ಲೆ ನಾಲ್ಕಕ್ಕೆ ನಾಲ್ಕೂ ಸ್ಥಾನಗಳನ್ನು ಮೈತ್ರಿಯ ಪಕ್ಷಗಳಿಗೆ ಕೊಟ್ಟಿತ್ತು. ಆದರೆ ಮೈತ್ರಿಗೆಂದು ಯಾರೂ ಓಟು ಹಾಕಿರಲಿಲ್ಲ. ಈಗ ಆ ಕಾಲದ ದೊಡ್ಡ ಭರವಸೆಯ ಕಡೆ ಹೋಗೋಣ. ಅದು ರೈತರ ಸಾಲ ಮನ್ನಾ.

ಅಧಿಕಾರಕ್ಕೆ ಬಂದ 24 ಗಂಟೆಯೊಳಗೆ ರೈತರ ಸಾಲ ಪೂರ್ತಿ ಮನ್ನಾ ಎಂದು ಜೆಡಿಎಸ್ ಹೇಳಿತ್ತು. ಅದರ ಮೊತ್ತ ಸುಮಾರು 53 ಸಾವಿರ ಕೋಟಿ ರೂಪಾಯಿ ಎಂಬ ಲೆಕ್ಕವೂ ಚುನಾವಣೆಯಲ್ಲಿ ಓಡಾಡಿತು. ಕಾಂಗ್ರೆಸ್ ಇಂಥ ಮಾತು ಕೊಟ್ಟಿರಲಿಲ್ಲ. ಅದರ ಸರ್ಕಾರ 2017ರಲ್ಲಿ ಸಹಕಾರ ಸಂಘಗಳ ಬೆಳೆ ಸಾಲದಲ್ಲಿ 50 ಸಾವಿರ ರೂಪಾಯಿವರೆಗೆ ಮನ್ನಾ ಮಾಡಿತ್ತು. ಅಂದರೆ ಹೊಸ ಸರ್ಕಾರದ ಅರ್ಧಭಾಗ ಈ ಮಾತು ಕೊಟ್ಟಿತ್ತು. ಇನ್ನರ್ಧ ಕೊಟ್ಟಿರಲಿಲ್ಲ.

24 ಗಂಟೆ ಕಳೆಯಿತು. ಸಾಲ ಮನ್ನಾ ಆಗಲಿಲ್ಲ. ತನಗೆ ಪೂರ್ಣ ಬಹುಮತ ಬಂದಿಲ್ಲ ಎಂದು ಮುಖ್ಯಮಂತ್ರಿ ಹೇಳಿದರು. ತಾನು ಕಾಂಗ್ರೆಸ್ಸಿನ ಮುಲಾಜಿನಲ್ಲಿದ್ದೇನೆ, ಆರೂವರೆ ಕೋಟಿ ಜನರ ಮುಲಾಜಿನಲ್ಲಿಲ್ಲ ಎಂಬ ಅರ್ಥದ ಮಾತನ್ನೂ ಆಡಿದರು. ರಾಜ್ಯದಲ್ಲಿ ದೊಡ್ಡ ಗದ್ದಲವಾಯಿತು. ಗದ್ದಲವನ್ನು ಪಕ್ಕಕ್ಕಿಟ್ಟು ಆ ಮಾತನ್ನು ನೋಡೋಣ. ಅದರಲ್ಲಿ ಒಂದು ನಿಜ ಇತ್ತು. 37 ಶಾಸಕರ ಪಕ್ಷ ಒಂಟಿಯಾಗಿ ಬಜೆಟ್ ಪಾಸು ಮಾಡಲಾರದು. ಅದರಲ್ಲಿ ಒಂದು ನೋವೂ ಇತ್ತು. ನಾನು ಓಟು ಹಾಕಿದ್ದು ನಿಮಗೆ, ನೀವು ಉತ್ತರ ಕೊಡುವುದು ಇನ್ನೊಂದು ಪಕ್ಷಕ್ಕೆ ಎಂದರೆ ನನ್ನ ಓಟಿನ ಬೆಲೆ ಏನು? ಆ ನೋವು ಮತದಾರನದು.

ಜುಲೈ 5ರಂದು ಬಜೆಟ್ ಮಂಡನೆಯಾಯಿತು. ಸುಮಾರು 34 ಸಾವಿರ ಕೋಟಿ ರೂಪಾಯಿಯ ಸಾಲ ಮನ್ನಾ ಘೋಷಿಸಿದರು. ಒಂದು ಕುಟುಂಬಕ್ಕೆ 2 ಲಕ್ಷದ ಮಿತಿ. ಮೊದಲ ಘೋಷಣೆಯಲ್ಲಿ ಮನ್ನಾ ಸಿಕ್ಕಿದ್ದು ಸುಸ್ತಿ ಸಾಲಕ್ಕೆ, ಅದೂ 2017ರ ಡಿಸೆಂಬರ್ ಕೊನೆಯವರೆಗಿನದಕ್ಕೆ. ಸರಿಯಾಗಿ ಕಂತು ಕಟ್ಟಿದ ರೈತನಿಗೆ ಹೆಚ್ಚೆಂದರೆ 25 ಸಾವಿರ ರೂಪಾಯಿ. ಒಡವೆ ಅಡವಿಟ್ಟು, ರಾಗಿ ಮಾರಿ, ಹಾಲಿನ ಬಟವಾಡೆ ಕೂಡಿಟ್ಟು ಸೊಸೈಟಿ ಸಾಲ ತೀರಿಸಿದವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಜನ. ಅವರಿಗೆ ಇದು ಶಿಕ್ಷೆಯಂತೆ ಕಂಡಿತು. ವಿರೋಧ ಜೋರಾಯಿತು. ಒಂದೇ ವಾರದಲ್ಲಿ ಸರ್ಕಾರ ಯೋಜನೆಯನ್ನು ಹಿಗ್ಗಿಸಿ, ಸಹಕಾರ ಸಂಘಗಳ ಚಾಲ್ತಿ ಸಾಲವನ್ನೂ 1 ಲಕ್ಷದವರೆಗೆ ಸೇರಿಸಿತು.

ಇಷ್ಟು ಹಣ ಎಲ್ಲಿಂದ ಬರಬೇಕು? ಅದೇ ಬಜೆಟ್ಟಿನಲ್ಲಿ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ ಒಂದು ರೂಪಾಯಿಗಿಂತ ಸ್ವಲ್ಪ ಹೆಚ್ಚು ಹೊರೆ ಬಿತ್ತು. ಅನ್ನಭಾಗ್ಯದ ಅಕ್ಕಿ 7 ಕಿಲೋದಿಂದ 5 ಕಿಲೋಗೆ ಇಳಿಯಿತು. ಅನ್ನಭಾಗ್ಯ ಕಾಂಗ್ರೆಸ್ಸಿನ ಮಾತು. ಸಾಲ ಮನ್ನಾ ಜೆಡಿಎಸ್ಸಿನ ಮಾತು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದಕ್ಕೆ ಕೈಹಾಕಬೇಕಾಯಿತು. ಮೈತ್ರಿಯ ಸಮನ್ವಯ ಸಮಿತಿಯ ಅಧ್ಯಕ್ಷರಾಗಿದ್ದ ಕಾಂಗ್ರೆಸ್ಸಿನ ಸಿದ್ದರಾಮಯ್ಯನವರು ಆಕ್ಷೇಪಿಸಿದರು. ಬಳಿಕ ಅಕ್ಕಿ ಮತ್ತೆ 7 ಕಿಲೋ ಆಯಿತು. ಈ ಒಂದು ಪ್ರಸಂಗ ಸಾಕು. ಎರಡು ಪಕ್ಷಗಳ ಭರವಸೆಗಳು ಒಂದೇ ಖಜಾನೆಗೆ ಬಂದು ನಿಂತಾಗ ಏನಾಗುತ್ತದೆ ಎಂಬುದು ಇದರಲ್ಲಿ ಪೂರ್ತಿ ಗೊತ್ತಾಗುತ್ತದೆ.

ಸಾಲ ಮನ್ನಾ ಜಾರಿಗೆ ರಾಜ್ಯದಲ್ಲಿ ಎರಡು ತಾಲ್ಲೂಕುಗಳನ್ನು ಮೊದಲು ಆರಿಸಿಕೊಂಡರು. ಒಂದು ಕಲಬುರಗಿ ಜಿಲ್ಲೆಯ ಸೇಡಂ. ಇನ್ನೊಂದು ನಮ್ಮ ದೊಡ್ಡಬಳ್ಳಾಪುರ. 2018ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯೇ ದೊಡ್ಡಬಳ್ಳಾಪುರಕ್ಕೆ ಬಂದು ರೈತರ ಕೈಗೆ ಋಣಮುಕ್ತ ಪತ್ರ ಕೊಟ್ಟರು. ಆ ಪತ್ರ ಸುಮ್ಮನೆ ಬಂದದ್ದಲ್ಲ. ಆಧಾರ್, ರೇಷನ್ ಕಾರ್ಡ್, ಪಹಣಿ ಹಿಡಿದು ರೈತರು ಬ್ಯಾಂಕಿನ ಮುಂದೆ ನಿಂತಿದ್ದರು. ಒಂದು ಕುಟುಂಬಕ್ಕೆ ಒಂದೇ ಮಿತಿ ಎಂದಾಗ ರೇಷನ್ ಕಾರ್ಡಿನಲ್ಲಿ ಯಾರ ಹೆಸರು ಯಾರ ಜೊತೆಗಿದೆ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಪಟ್ಟಿಯಿಂದ ಹೊರಗುಳಿದರು.

ಈಗ ಲೆಕ್ಕ ಹಾಕಿ. 24 ಗಂಟೆ ಎಂದದ್ದು ಆರು ತಿಂಗಳಾಯಿತು. 53 ಸಾವಿರ ಕೋಟಿ ಎಂದದ್ದು ಬಜೆಟ್ಟಿನ ಮೊದಲ ಘೋಷಣೆಯಲ್ಲಿ 34 ಸಾವಿರ ಕೋಟಿ ಆಯಿತು. ಇದು ಮುರಿದ ಮಾತೋ? ಅರ್ಧ ಉಳಿಸಿಕೊಂಡ ಮಾತೋ? ನನ್ನ ಅಭಿಪ್ರಾಯದಲ್ಲಿ ಇದು ಅರ್ಧ ಉಳಿದ ಮಾತು. 37 ಶಾಸಕರ ಪಕ್ಷಕ್ಕೆ ಅದು ಸಣ್ಣ ಕೆಲಸವೂ ಅಲ್ಲ. ಆದರೆ ಉಳಿದರ್ಧ ಏಕೆ ಆಗಲಿಲ್ಲ, ಯಾರು ಒಪ್ಪಲಿಲ್ಲ, ಯಾವ ಹಣ ಸಾಲಲಿಲ್ಲ ಎಂಬುದನ್ನು ಇಬ್ಬರೂ ಒಟ್ಟಿಗೆ ಕೂತು ಹಳ್ಳಿಯವರಿಗೆ ತಿಳಿಸಲಿಲ್ಲ. ರೈತನಿಗೆ ಸಿಕ್ಕಿದ್ದು ಪತ್ರ. ಸಿಗದೆ ಹೋದದ್ದು ವಿವರಣೆ.

ಸಾಲ ಮನ್ನಾದಲ್ಲಿ ನಾವು ನೋಡಿದ್ದು ಒಬ್ಬರು ಕೊಟ್ಟು ಇನ್ನೊಬ್ಬರು ಕೊಡದ ಮಾತು. ಇನ್ನು ಎಲ್ಲರೂ ಕೊಟ್ಟ ಒಂದು ಮಾತನ್ನು ನೋಡೋಣ. ಅದು ನೀರು.

ನಮ್ಮ ಜಿಲ್ಲೆಗೆ ಹರಿಯುವ ನದಿಯ ಆಸರೆ ಇಲ್ಲ. ಅರ್ಕಾವತಿ, ದಕ್ಷಿಣ ಪಿನಾಕಿನಿಗಳು ಹೆಸರಿಗೆ ಇವೆ. ಬೇಸಾಯ ನಿಂತಿರುವುದು ಕೊಳವೆಬಾವಿಯ ಮೇಲೆ. ಸಾವಿರ ಅಡಿ ದಾಟಿ ಕೊರೆಸಿದರೂ ನೀರು ಸಿಗುತ್ತದೆಂಬ ಖಾತ್ರಿ ಇಲ್ಲ. ಅದಕ್ಕೇ ಎತ್ತಿನಹೊಳೆ ಎಂಬ ಹೆಸರು ಇಲ್ಲಿ ಇಷ್ಟು ಆಸೆ ಹುಟ್ಟಿಸಿತು. ಸಕಲೇಶಪುರದ ಕಡೆ ಪಶ್ಚಿಮಕ್ಕೆ ಹರಿಯುವ ಹಳ್ಳಗಳಿಂದ 24 ಟಿಎಂಸಿ ನೀರನ್ನು ಎತ್ತಿ, ಸುಮಾರು 250 ಕಿಲೋಮೀಟರ್ ಕಾಲುವೆಯಲ್ಲಿ ಪೂರ್ವಕ್ಕೆ ಹರಿಸುವ ಯೋಜನೆ ಅದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಜೊತೆಗೆ ನಮ್ಮ ಜಿಲ್ಲೆ ಅದರ ಫಲಾನುಭವಿಗಳ ಪಟ್ಟಿಯಲ್ಲಿವೆ.

2012ರಲ್ಲಿ ಬಿಜೆಪಿ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆಗಿನ ಅಂದಾಜು 8 ಸಾವಿರ ಕೋಟಿ ರೂಪಾಯಿ ಮೀರಿತ್ತು. 2014ರ ಮಾರ್ಚಿನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಕಾಂಗ್ರೆಸ್ ಸರ್ಕಾರ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಮಾಡಿತು. ಆ ಚುನಾವಣೆಯಲ್ಲಿ ಚಿಕ್ಕಬಳ್ಳಾಪುರದಿಂದ ಕಾಂಗ್ರೆಸ್ಸಿನ ಎಂ. ವೀರಪ್ಪ ಮೊಯಿಲಿ ಎರಡನೇ ಸಲ ಗೆದ್ದರು. ಅವರ ಮುಂದೆ ಬಿಜೆಪಿಯ ಬಿ.ಎನ್. ಬಚ್ಚೇಗೌಡರು ಸುಮಾರು 10 ಸಾವಿರ ಮತಗಳಿಂದ ಸೋತರು. ಆಮೇಲೆ ಬಂದದ್ದು ಮೈತ್ರಿ ಸರ್ಕಾರ. ಅದರ ಸಾಮಾನ್ಯ ಕನಿಷ್ಠ ಕಾರ್ಯಕ್ರಮ ರೂಪಿಸುವ ಸಮಿತಿಗೆ ಅಧ್ಯಕ್ಷರಾದವರು ಇದೇ ಮೊಯಿಲಿ. ಎರಡು ಪ್ರಣಾಳಿಕೆಗಳನ್ನು ಒಂದು ಮಾಡುವ ಕೆಲಸ ನಮ್ಮದೇ ಸಂಸದರ ಕೈಗೆ ಬಂದಿತ್ತು.

2019ರ ಲೋಕಸಭಾ ಚುನಾವಣೆಯಲ್ಲಿ ಮೊಯಿಲಿಯವರು ಎರಡೂ ಪಕ್ಷಗಳ ಒಟ್ಟು ಅಭ್ಯರ್ಥಿ. ಕೂಡಿಸಿ ನೋಡಿದರೆ ಗೆಲುವು ಸುಲಭವಾಗಬೇಕಿತ್ತು. ಆದದ್ದು ಬೇರೆ. ಬಚ್ಚೇಗೌಡರು ಸುಮಾರು 1 ಲಕ್ಷ 80 ಸಾವಿರ ಮತಗಳಿಂದ ಗೆದ್ದರು. ರಾಜ್ಯದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದು, ಜೆಡಿಎಸ್‌ಗೆ ಒಂದು. ಇದಕ್ಕೆ ದೇಶದ ಗಾಳಿಯೂ ಕಾರಣ. ಅದನ್ನು ಮರೆಯಬಾರದು. ಆದರೂ ಒಂದು ಪಾಠ ಸ್ಪಷ್ಟ. ನಾಯಕರು ಕೈಕೈ ಹಿಡಿದ ಮಾತ್ರಕ್ಕೆ ಮತದಾರರ ಓಟುಗಳು ಕೂಡುವುದಿಲ್ಲ.

ಎತ್ತಿನಹೊಳೆಯ ಮೊದಲ ಹಂತದ ನೀರೆತ್ತುವ ಕೆಲಸಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್ 6ರಂದು, ಸಕಲೇಶಪುರದಲ್ಲಿ. ಒಪ್ಪಿಗೆ ಸಿಕ್ಕ ಹನ್ನೆರಡು ವರ್ಷಕ್ಕೆ. ಅಷ್ಟರಲ್ಲಿ ಅಂದಾಜು ವೆಚ್ಚ 23 ಸಾವಿರ ಕೋಟಿ ದಾಟಿತ್ತು. ನಡುವೆ ಜಲಾಶಯದ ವಿವಾದ ಬೇರೆ. ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು, ದೊಡ್ಡಬಳ್ಳಾಪುರ ತಾಲ್ಲೂಕಿನ ಲಕ್ಕೇನಹಳ್ಳಿ ಅಕ್ಕಪಕ್ಕದ ಊರುಗಳು. ಒಂದೇ ನೀರಿನಲ್ಲಿ ಮುಳುಗುವ ಎರಡು ತಾಲ್ಲೂಕಿನ ಜಮೀನಿಗೆ ಎರಡು ದರದ ಪರಿಹಾರ ಹೇಗೆ ಎಂಬ ಪ್ರಶ್ನೆಯಲ್ಲೇ ವರ್ಷಗಳು ಹೋದವು. ಈ ಮಾತನ್ನು ಬಿಜೆಪಿ ಕೊಟ್ಟಿತು. ಕಾಂಗ್ರೆಸ್ ಕೊಟ್ಟಿತು. ಮೈತ್ರಿಯೂ ಕೊಟ್ಟಿತು. ಎಲ್ಲರೂ ಕೊಟ್ಟ ಮಾತಾದ್ದರಿಂದ ತಡಕ್ಕೆ ಒಬ್ಬರೂ ತಲೆಬಾಗಲಿಲ್ಲ.

ಹೀಗೆ ಎರಡು ಬಗೆಯ ಮಾತು ನೋಡಿದೆವು. ಒಬ್ಬರೇ ಕೊಟ್ಟದ್ದು, ಎಲ್ಲರೂ ಕೊಟ್ಟದ್ದು. ಮೂರನೆಯ ಬಗೆ ಪ್ರಣಾಳಿಕೆಯಲ್ಲಿ ಬರೆದಿರುವುದಿಲ್ಲ. ಆದರೂ ಅದೇ ಎಲ್ಲಕ್ಕಿಂತ ಹಳೆಯ ಮಾತು. ಈ ಚಿಹ್ನೆಗೆ ಓಟು ಕೊಡಿ, ಐದು ವರ್ಷ ಈ ಪಕ್ಷದಲ್ಲಿದ್ದು ನಿಮ್ಮ ಕೆಲಸ ಮಾಡುತ್ತೇನೆ ಎಂಬ ಮಾತು. ಅದಕ್ಕೆ ಹೊಸಕೋಟೆಗೆ ಹೋಗೋಣ.

2018ರಲ್ಲಿ ಹೊಸಕೋಟೆಯಿಂದ ಕಾಂಗ್ರೆಸ್ಸಿನ ಎಂ.ಟಿ.ಬಿ. ನಾಗರಾಜ್ ಗೆದ್ದರು. ಬಿಜೆಪಿಯ ಶರತ್ ಬಚ್ಚೇಗೌಡ ಸೋತರು. ನಾಗರಾಜ್ ಮೈತ್ರಿ ಸರ್ಕಾರದಲ್ಲಿ ವಸತಿ ಸಚಿವರಾದರು. 2019ರ ಜುಲೈಯಲ್ಲಿ ರಾಜೀನಾಮೆ ಕೊಟ್ಟರು. ಜುಲೈ 23ರಂದು ವಿಶ್ವಾಸಮತದಲ್ಲಿ ಸರ್ಕಾರ ಬಿತ್ತು. ಪರವಾಗಿ 99, ವಿರುದ್ಧ 105. ಸ್ಪೀಕರ್ ರಮೇಶ್ ಕುಮಾರ್ ನಾಗರಾಜ್ ಸೇರಿದಂತೆ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು.

ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ. ಹೊಸಕೋಟೆಯಲ್ಲಿ ನಾಗರಾಜ್ ಬಿಜೆಪಿ ಅಭ್ಯರ್ಥಿ. ಟಿಕೆಟ್ ಸಿಗದ ಶರತ್ ಪಕ್ಷೇತರರಾಗಿ ನಿಂತರು. ಜೆಡಿಎಸ್ ಅವರಿಗೆ ಬೆಂಬಲ ಕೊಟ್ಟಿತು. ಕಾಂಗ್ರೆಸ್ ತನ್ನದೇ ಅಭ್ಯರ್ಥಿಯನ್ನು ಇಳಿಸಿತು. ನಿನ್ನೆಯ ಮಿತ್ರರು ಇಲ್ಲೂ ಒಟ್ಟಿಗಿರಲಿಲ್ಲ. ಆ ದಿನ ಹೊಸಕೋಟೆಯ ಜನ ಏನು ಮಾಡಿದರು ಗೊತ್ತೇ? ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಮತಗಟ್ಟೆಗೆ ಬಂದರು. ಹದಿನೈದೂ ಕ್ಷೇತ್ರಗಳಲ್ಲಿ ಅದೇ ಅತಿ ಹೆಚ್ಚು. ಉಪಚುನಾವಣೆ ಎಂದರೆ ಜನ ಬೇಸರಪಡುತ್ತಾರೆ ಎನ್ನುವ ಮಾತಿದೆ. ಹೊಸಕೋಟೆ ಅದನ್ನು ಸುಳ್ಳು ಮಾಡಿತು.

ಶರತ್ ಸುಮಾರು 11 ಸಾವಿರದ 500 ಮತಗಳಿಂದ ಗೆದ್ದರು. ಕಾಂಗ್ರೆಸ್ ಮೂರನೆಯ ಸ್ಥಾನಕ್ಕೆ ಇಳಿಯಿತು. ಇದನ್ನು ಗಮನವಿಟ್ಟು ನೋಡಿ. ಪಕ್ಷ ಬಿಟ್ಟವರನ್ನು ಜನ ಸೋಲಿಸಿದರು. ಆದರೆ ಮೋಸ ಹೋದೆವು ಎಂದ ಪಕ್ಷವನ್ನೂ ಗೆಲ್ಲಿಸಲಿಲ್ಲ. ಮನೆತನಗಳ ಹಳೆಯ ಪೈಪೋಟಿ, ಸಮುದಾಯಗಳ ಒಲವು ಈ ಫಲಿತಾಂಶದಲ್ಲಿ ಕೆಲಸ ಮಾಡಿವೆ, ನಿಜ. ಅದರ ಜೊತೆಗೆ ಮತದಾರ ಮೂರೂ ಪಕ್ಷಗಳನ್ನು ತೂಗಿ ನೋಡಿದ್ದಾನೆ ಎಂದು ನನಗೆ ತೋರುತ್ತದೆ.

ಆದರೆ ಒಂದೇ ಫಲಿತಾಂಶದಿಂದ ನಿಯಮ ಮಾಡಬಾರದು. ಅದೇ ದಿನ ಪಕ್ಕದ ಚಿಕ್ಕಬಳ್ಳಾಪುರದಲ್ಲಿ, ಹಾಗೆಯೇ ಪಕ್ಷ ಬಿಟ್ಟ ಡಾ. ಕೆ. ಸುಧಾಕರ್ ದೊಡ್ಡ ಅಂತರದಿಂದ ಗೆದ್ದರು. ಅಲ್ಲಿ ವೈದ್ಯಕೀಯ ಕಾಲೇಜು ಬಹುದಿನದ ಬೇಡಿಕೆ. ಹೊಸ ಬಿಜೆಪಿ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. 2008ರ ಡಿಸೆಂಬರಿನಲ್ಲಿ ನಮ್ಮ ದೊಡ್ಡಬಳ್ಳಾಪುರವೂ ಇಂಥದೇ ಉಪಚುನಾವಣೆ ಕಂಡಿತ್ತು. ರಾಜೀನಾಮೆ ಕೊಟ್ಟು ಪಕ್ಷ ಬದಲಿಸಿದ ಶಾಸಕರು ಅಲ್ಲಿ ಗೆದ್ದಿದ್ದರು. ಹೀಗೆ ಒಂದು ಕಡೆ ಸೋಲು, ಒಂದು ಕಡೆ ಗೆಲುವು. ಪಕ್ಷ ಬಿಟ್ಟದ್ದಕ್ಕೆ ಬದಲಾಗಿ ಊರಿಗೆ ಏನು ಬಂತು ಎಂದೂ ಜನ ಕೇಳುತ್ತಾರೆ. ಇದು ನಮಗೆ ಇಷ್ಟವಾಗಲಿ ಬಿಡಲಿ, ಮತದಾರನ ಲೆಕ್ಕದಲ್ಲಿ ಅದೂ ಒಂದು ಸಾಲು.

2023ರ ಚುನಾವಣೆಯಲ್ಲಿ ಆ ಲೆಕ್ಕ ಮುಂದುವರಿಯಿತು. 2018ರಲ್ಲಿ ನಮ್ಮ ಜಿಲ್ಲೆಯಿಂದ ಗೆದ್ದಿದ್ದ ನಾಲ್ವರೂ ಮತ್ತೆ ಕಣಕ್ಕಿಳಿದರು. ನಾಲ್ವರೂ ಸೋತರು. ದೊಡ್ಡಬಳ್ಳಾಪುರ ಬಿಜೆಪಿಗೆ ಹೋಯಿತು. ಉಳಿದ ಮೂರು ಕಾಂಗ್ರೆಸ್ಸಿಗೆ ಬಂದವು. ಹೊಸಕೋಟೆಯಲ್ಲಿ ಶರತ್ ಈ ಸಲ ಕಾಂಗ್ರೆಸ್ಸಿನಿಂದ ಗೆದ್ದರು. ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಸುಧಾಕರ್ ಸೋತರು. ಮರುವರ್ಷ ಲೋಕಸಭೆಗೆ ಅದೇ ಸುಧಾಕರ್ ದೊಡ್ಡ ಅಂತರದಿಂದ ಗೆದ್ದರು. ಮತದಾರ ಒಂದು ಸಲ ತೀರ್ಪು ಕೊಟ್ಟು ಪುಸ್ತಕ ಮುಚ್ಚುವುದಿಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ತೆರೆಯುತ್ತಾನೆ.

ನಮ್ಮ ಜಿಲ್ಲೆಯ ಅನುಭವ ಮೂರು ಬಗೆಯ ಮಾತುಗಳನ್ನು ತೋರಿಸಿತು. ಇಂಥದು ಬೇರೆ ಕಾಲದಲ್ಲಿ, ಬೇರೆ ದೇಶದಲ್ಲಿ ಹೇಗಿತ್ತು ಎಂದು ಈಗ ಚುಟುಕಾಗಿ ನೋಡೋಣ.

2006ರ ಫೆಬ್ರವರಿಯಲ್ಲಿ ಜೆಡಿಎಸ್ ಮತ್ತು ಬಿಜೆಪಿ ಸೇರಿ ಸರ್ಕಾರ ಮಾಡಿದವು. ತಲಾ 20 ತಿಂಗಳು ಮುಖ್ಯಮಂತ್ರಿ ಸ್ಥಾನ ಎಂಬ ಒಪ್ಪಂದ. ಆ ಸರ್ಕಾರ ಕೆಲಸ ಮಾಡಲಿಲ್ಲ ಎನ್ನಲಾಗದು. 2007ರ ಜುಲೈ 1ರಿಂದ ಸಾರಾಯಿ ನಿಂತದ್ದು ಅದರ ಕಾಲದಲ್ಲೇ. ಆದರೆ 2007ರ ಅಕ್ಟೋಬರಿನಲ್ಲಿ ಜೆಡಿಎಸ್‌ನಿಂದ ಬಿಜೆಪಿಗೆ ಅಧಿಕಾರ ಹಸ್ತಾಂತರ ಆಗಲಿಲ್ಲ. ನವೆಂಬರಿನಲ್ಲಿ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಒಂದೇ ವಾರದಲ್ಲಿ ಇಳಿಯಬೇಕಾಯಿತು. 2008ರ ಚುನಾವಣೆಯಲ್ಲಿ ವಚನಭ್ರಷ್ಟತೆ ಎಂಬುದೇ ದೊಡ್ಡ ವಿಷಯವಾಯಿತು. ಜೆಡಿಎಸ್ 58ರಿಂದ 28ಕ್ಕೆ ಇಳಿಯಿತು. ಬಿಜೆಪಿ 79ರಿಂದ 110ಕ್ಕೆ ಏರಿತು. ಗಮನಿಸಿ. ಅದು ಜನರಿಗೆ ಕೊಟ್ಟ ಮಾತಾಗಿರಲಿಲ್ಲ. ಒಂದು ಪಕ್ಷ ಇನ್ನೊಂದಕ್ಕೆ ಕೊಟ್ಟ ಮಾತು. ಅದನ್ನೂ ಜನ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು.

ಬ್ರಿಟನ್ನಿನಲ್ಲೂ ಹೀಗೇ ಆಯಿತು. 2010ರ ಚುನಾವಣೆಯಲ್ಲಿ ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿಗಳು ವಿಶ್ವವಿದ್ಯಾಲಯದ ಶುಲ್ಕ ಏರಿಸಲು ಬಿಡುವುದಿಲ್ಲ ಎಂದು ಸಹಿ ಮಾಡಿ ಮಾತು ಕೊಟ್ಟಿದ್ದರು. ಕನ್ಸರ್ವೇಟಿವ್ ಪಕ್ಷದ ಜೊತೆ ಸರ್ಕಾರ ಸೇರಿದರು. ವರ್ಷದ ಶುಲ್ಕದ ಮಿತಿ ಸುಮಾರು 3 ಸಾವಿರ ಪೌಂಡಿನಿಂದ 9 ಸಾವಿರಕ್ಕೆ ಏರಿತು. ಎರಡು ವರ್ಷದ ಮೇಲೆ ನಾಯಕ ನಿಕ್ ಕ್ಲೆಗ್ ಕ್ಷಮೆ ಕೇಳಿದರು. 2015ರಲ್ಲಿ ಪಕ್ಷ 57 ಸ್ಥಾನದಿಂದ 8ಕ್ಕೆ ಕುಸಿಯಿತು. ಶುಲ್ಕ ಏರಿಸಿದ ದೊಡ್ಡ ಪಕ್ಷ ಮಾತ್ರ ಬಹುಮತ ಪಡೆಯಿತು. ಆ ಮಾತು ಕೊಟ್ಟಿದ್ದು ಅದಲ್ಲ. ಕ್ಷಮೆ ತಡವಾಗಿ ಬಂದರೆ ಅದಕ್ಕೆ ಬೆಲೆ ಸಿಗುವುದಿಲ್ಲ ಎಂಬುದು ನಾನು ಇದರಿಂದ ಕಲಿತದ್ದು.

ಹನ್ನೆರಡು ದೇಶಗಳ 20 ಸಾವಿರಕ್ಕೂ ಹೆಚ್ಚು ಚುನಾವಣಾ ಭರವಸೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದೇ ಪಕ್ಷದ ಸರ್ಕಾರಗಳು ಹೆಚ್ಚು ಭರವಸೆ ಈಡೇರಿಸುತ್ತವೆ ಎಂದು ಅದು ಹೇಳಿತು. ಮೈತ್ರಿಯಲ್ಲಿ, ಮಿತ್ರಪಕ್ಷವೂ ಅದೇ ಮಾತು ಕೊಟ್ಟಿದ್ದರೆ ಈಡೇರುವ ಸಾಧ್ಯತೆ ಹೆಚ್ಚು. ಇದು ನಮಗೆ ಬಹಳ ಉಪಯೋಗದ ಸಂಗತಿ. ಪಕ್ಷಗಳ ಪ್ರಣಾಳಿಕೆಗಳನ್ನು ಜೊತೆಗಿಟ್ಟು ಓದಿದರೆ, ಯಾವ ಮಾತು ಕಷ್ಟಕ್ಕೆ ಸಿಕ್ಕುತ್ತದೆ ಎಂಬುದು ಚುನಾವಣೆಗೆ ಮೊದಲೇ ಗೊತ್ತಾಗುತ್ತದೆ.

ಹಾಗಾದರೆ ಒಂದೇ ಪಕ್ಷದ ಸರ್ಕಾರವಿದ್ದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ದೇವನಹಳ್ಳಿಯನ್ನು ನೋಡಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿನ ಸ್ವಾಧೀನಕ್ಕೆ 2022ರ ಜನವರಿಯಲ್ಲಿ ಪ್ರಾಥಮಿಕ ಅಧಿಸೂಚನೆ ಬಂತು. ಆಗ ಬಿಜೆಪಿ ಸರ್ಕಾರ. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ರೈತರ ಧರಣಿಗೆ ಬಂದು ಬೆಂಬಲ ಹೇಳಿದ್ದರು. 2023ರಲ್ಲಿ ಅವರೇ ಮುಖ್ಯಮಂತ್ರಿಯಾದರು. ಎರಡು ವರ್ಷವಾದರೂ ಸ್ವಾಧೀನದ ಕತ್ತಿ ಸರಿಯಲಿಲ್ಲ. ಆದರೆ ರೈತರಿಗೆ ಒಂದು ಅನುಕೂಲವಿತ್ತು. ಯಾರನ್ನು ಕೇಳಬೇಕು ಎಂಬುದು ಸ್ಪಷ್ಟವಾಗಿತ್ತು. ಮಾತು ಕೊಟ್ಟವರೂ ಅವರೇ, ಸಹಿ ಮಾಡಬೇಕಾದವರೂ ಅವರೇ. ಮೂರು ವರ್ಷ ಮೀರಿದ ಹೋರಾಟದ ಕೊನೆಗೆ, 2025ರ ಜುಲೈ 15ರಂದು, ಮುಖ್ಯಮಂತ್ರಿ ಭೂಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ತಾವಾಗಿ ಜಮೀನು ಕೊಡಲು ಬಂದವರಿಂದ ಮಾತ್ರ ಪಡೆಯುತ್ತೇವೆ ಎಂದರು. ಒಂದೇ ಪಕ್ಷದ ಸರ್ಕಾರವೂ ಮಾತು ಮರೆಯಬಲ್ಲದು. ಆದರೆ ನೆನಪಿಸಲು ಒಂದೇ ಬಾಗಿಲು ಬಡಿದರೆ ಸಾಕು. ಮೈತ್ರಿಯಲ್ಲಿ ಯಾವ ಬಾಗಿಲು ಎಂಬುದನ್ನು ಮೊದಲು ಹುಡುಕಬೇಕು.

ಈಗ ಎಲ್ಲವನ್ನೂ ಒಟ್ಟಿಗೆ ಕೂಡಿಸೋಣ. ದೊಡ್ಡಬಳ್ಳಾಪುರ ಋಣಮುಕ್ತ ಪತ್ರ ಕಂಡಿತು. ನಾಲ್ಕೂ ತಾಲ್ಲೂಕು ನೀರಿಗಾಗಿ ಕಾದವು. ಹೊಸಕೋಟೆ ತನ್ನ ಓಟನ್ನು ತಾನೇ ಮತ್ತೆ ಎಣಿಸಿತು. ದೇವನಹಳ್ಳಿ ಒಂದೇ ಬಾಗಿಲು ಬಡಿದು ಗೆದ್ದಿತು. ಇದರಿಂದ ನಾನು ಕಂಡುಕೊಂಡದ್ದು ಒಂದೇ. ಮೈತ್ರಿ ಎಂಬುದು ಮಾತು ತಪ್ಪಲು ಕಾರಣವಾಗಬಹುದು. ತಪ್ಪಿದ್ದನ್ನು ಜನರಿಗೆ ಹೇಳದೆ ಇರಲು ಅದು ಕಾರಣವಾಗಬಾರದು. ಯಾವುದನ್ನು ಬಿಟ್ಟುಕೊಟ್ಟೆವು, ಯಾರಿಗಾಗಿ ಬಿಟ್ಟೆವು, ಬದಲಿಗೆ ಏನು ಪಡೆದೆವು ಎಂದು ತಾವಾಗಿ ಬಂದು ಹೇಳುವ ಪಕ್ಷ ಗೌರವಕ್ಕೆ ಅರ್ಹ.

ನಾವು ಕಾನೂನನ್ನು ನಂಬಿ ಕೂರುವಂತಿಲ್ಲ. ಪ್ರಣಾಳಿಕೆಯ ಭರವಸೆ ಚುನಾವಣಾ ಅಕ್ರಮವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆಮೇಲೆ ಚುನಾವಣಾ ಆಯೋಗ ಮಾರ್ಗಸೂಚಿ ತಂದಿತು. ಭರವಸೆಗೆ ಕಾರಣ ಕೊಡಬೇಕು, ಹಣ ಎಲ್ಲಿಂದ ಎಂಬುದನ್ನು ಸ್ಥೂಲವಾಗಿ ತಿಳಿಸಬೇಕು ಎಂಬುದು ಅದರ ಸಾರ. ಆದರೆ ಮೈತ್ರಿಯಾದ ಮೇಲೆ ಎರಡು ಪ್ರಣಾಳಿಕೆಗಳಲ್ಲಿ ಯಾವುದು ಉಳಿಯಿತು ಎಂದು ಮತದಾರನಿಗೆ ತಿಳಿಸುವ ಕಡ್ಡಾಯ ಎಲ್ಲೂ ಇಲ್ಲ. ಆ ಕೊರತೆಯನ್ನು ನಾವೇ ತುಂಬಬೇಕು.

ಹೇಗೆ? ಮೂರು ಪ್ರಶ್ನೆಗಳಿಂದ. ಓಟು ಕೇಳಲು ಬಂದವರಿಗೆ ಮೊದಲ ಪ್ರಶ್ನೆ. ನಿಮಗೆ ಬಹುಮತ ಬಾರದಿದ್ದರೆ, ಈ ಪಟ್ಟಿಯಲ್ಲಿ ಯಾವ ಮಾತನ್ನು ಏನೇ ಆದರೂ ಬಿಡುವುದಿಲ್ಲ? ಒಂದನ್ನಾದರೂ ಹೇಳಲಿ. ಎರಡನೆಯದು ಸರ್ಕಾರವಾದ ಮೇಲೆ. ನಿಮ್ಮ ಸಾಮಾನ್ಯ ಕಾರ್ಯಕ್ರಮದಲ್ಲಿ ನಮ್ಮ ತಾಲ್ಲೂಕಿನ ಯಾವ ಕೆಲಸ ಇದೆ, ಯಾವ ಸಚಿವರ ಕೈಯಲ್ಲಿದೆ? ಮೂರನೆಯದು ವರ್ಷಕ್ಕೊಮ್ಮೆ. ಆಗಿದ್ದೇನು, ಆಗದ್ದೇನು, ಏಕೆ? ಗ್ರಾಮಸಭೆಗೆ ಶಾಸಕರನ್ನು ಕರೆಯಿರಿ. ಎರಡೂ ಪಕ್ಷದ ಸ್ಥಳೀಯ ಮುಖಂಡರನ್ನು ಒಟ್ಟಿಗೆ ಕೂರಿಸಿ ಕೇಳಿ. ಒಬ್ಬರ ಮುಂದೆ ಇನ್ನೊಬ್ಬರು ಉತ್ತರ ಹೇಳುವಾಗ ಹೊಣೆ ಯಾರದೆಂದು ಸಭೆಗೇ ಗೊತ್ತಾಗುತ್ತದೆ.

ಕೇಳುಗರೇ, 2023ರ ಸೆಪ್ಟೆಂಬರಿನಲ್ಲಿ ಬಿಜೆಪಿ ಮತ್ತು ಜೆಡಿಎಸ್ ಮತ್ತೆ ಮೈತ್ರಿ ಮಾಡಿಕೊಂಡವು. ಚುನಾವಣೆಗೆ ಮೊದಲಿನ ಮೈತ್ರಿಯಾದರೂ ಸರಿ, ಆಮೇಲಿನದಾದರೂ ಸರಿ, ಈ ಮೂರು ಪ್ರಶ್ನೆಗಳು ಎಲ್ಲ ಪಕ್ಷಕ್ಕೂ ಅನ್ವಯ. ಎರಡು ಪಕ್ಷ ಸೇರಿ ಆಳುವುದು ತಪ್ಪಲ್ಲ. ಕೂಡಿ ಬಾಳುವುದು ನಮ್ಮ ಊರುಗಳಿಗೆ ಹೊಸದೂ ಅಲ್ಲ. ಕೂಡಿ ಆಳುವವರು ಕೂಡಿಯೇ ಉತ್ತರ ಕೊಡಬೇಕು ಎಂದು ಕೇಳುವುದು ನಮ್ಮ ಹಕ್ಕು. ಮುಂದಿನ ಸಲ ಮನೆ ಬಾಗಿಲಿಗೆ ಕರಪತ್ರ ಬಂದಾಗ ಎಸೆಯಬೇಡಿ. ಎಲ್ಲ ಪಕ್ಷದ್ದನ್ನೂ ಎತ್ತಿಡಿ. ಐದು ವರ್ಷ ಜೋಪಾನ ಮಾಡಿ. ಕೇಳುವ ದಿನ ಬಂದಾಗ ಅದನ್ನು ಕೈಯಲ್ಲಿ ಹಿಡಿದು ಕೇಳಿ.